ಪಂಚಾಯ್ತಿ ಮೇಡಂ ಸೆರಗಿಗೆ ಸಿಗಿಸಿದ ಮೈಕು

ಕೆಳಗಿನ ಕೇರಿಯವರು ಹುಲುಗಮ್ಮನನ್ನು ಪಂಚಾಯ್ತಿ ಮೆಂಬರು ಮಾಡಿದ್ದು ಅವಳ ಗಂಟಲು ನೋಡಿ. ಆ ಸಲ ವಾರ್ಡು ಪರಿಶಿಷ್ಟ ಜಾತಿಯ ಹೆಣ್ಣುಮಕ್ಕಳಿಗೆ ಮೀಸಲಾಗಿತ್ತು. ಯಾರನ್ನು ನಿಲ್ಲಿಸುವುದೆಂದು ಹಿರಿಯರು ಕಟ್ಟೆಯ ಮೇಲೆ ಕೂತು ಮೀನಮೇಷ ಎಣಿಸುತ್ತಿದ್ದಾಗ, ಅವಳು ಗಂಡನನ್ನು ಊಟಕ್ಕೆ ಕರೆದ ದನಿ ಬಸ್‌ಸ್ಟ್ಯಾಂಡಿನ ತನಕ ಹೋಯಿತು. "ಈಕೀನ ಸರಿ, ಯಾರಿಗೂ ಅಂಜಂಗಿಲ್ಲ, ಗಟ್ಟಿ ಮಾತಾಡ್ತಾಳ," ಎಂದು ಪಕ್ಕದ ಮನೆಯ ಕಾಳಪ್ಪ ತೀರ್ಪು ಕೊಟ್ಟ. ಉಳಿದವರು ಹೂಂ ಎಂದರು. ತನ್ನ ದನಿ ತನಗೇ ಕೇಳಿಸದ್ದರಿಂದ ಅವಳು ಹಾಗೆ ಕೂಗುತ್ತಾಳೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಹುಲುಗಮ್ಮನೂ ಬಾಯಿ ಬಿಡಲಿಲ್ಲ.

ಸಂಡೂರಿನಿಂದ ಯಶವಂತನಗರದ ಕಡೆ ಹೋಗುತ್ತಾ ಒಳಕ್ಕೆ ಹೊರಳಿದರೆ ಕೆಂಗಲ್ಲಾಪುರ. ಅಲ್ಲಿ ಮಲ್ಲಿಗೆ ಹೂವಿನ ಮೇಲೂ ಕೆಂಪು ಧೂಳು ಕೂರುತ್ತದೆ. ಹದಿನಾಲ್ಕನೇ ವಯಸ್ಸಿಗೆ ಹುಲುಗಮ್ಮ ಗಣಿಯಲ್ಲಿ ಅದಿರು ಆರಿಸಲು ಹೋದಳು. ಆಮೇಲೆ ಕಲ್ಲು ನುರಿಸುವ ಮಷೀನಿನ ಮಗ್ಗುಲಲ್ಲಿ ಹತ್ತೊಂಬತ್ತು ವರ್ಷ ನಿಂತಳು. ಕಿವಿಗೆ ಏನಾದರೂ ಹಾಕಿಕೊಳ್ಳಿ ಎಂದವರು ಯಾರೂ ಇಲ್ಲ. ಹೆಂಗಸರು ಧೂಳಿಗೆಂದು ಸೆರಗನ್ನು ಮುಖಕ್ಕೆ ಸುತ್ತಿಕೊಳ್ಳುತ್ತಿದ್ದರು, ಅಷ್ಟೇ. ಮೊದಲು ಹೋದದ್ದು ಕೈಬಳೆಯ ಸದ್ದು. ಆಮೇಲೆ ಕುಕ್ಕರಿನ ಸೀಟಿ. ಆಮೇಲೆ ಮಕ್ಕಳ ಮಾತು. ಗಂಡಸರ ದಪ್ಪ ದನಿ ಒಂದಿಷ್ಟು ಸಿಗುತ್ತಿತ್ತು, ಹೆಂಗಸರ ಮಾತು ಅರ್ಧಕ್ಕೇ ಕಳಚಿ ಬೀಳುತ್ತಿತ್ತು. ಅವಳು ತುಟಿ ನೋಡಿ ಹಿಡಿಯುವುದನ್ನು ತಾನೇ ಕಲಿತಳು. ಅದು ಎಂಥ ಜಾಣತನ ಎಂದು ಕೇಳಿದವರಿಲ್ಲ.

ಆದರೆ ಪಂಚಾಯ್ತಿ ಹಾಲಿನಲ್ಲಿ ಆ ಜಾಣತನ ನಡೆಯಲಿಲ್ಲ. ಮೇಲೆ ತಗಡು, ನಡುವೆ ಎರಡು ಮುದಿ ಫ್ಯಾನು, ಹೊರಗೆ ಸಾಲು ಹಿಡಿದ ಅದಿರು ಲಾರಿ. ಅಧ್ಯಕ್ಷ ನಾಗಭೂಷಣ ಬಾಯಿ ತುಂಬ ಎಲೆಅಡಿಕೆ ಇಟ್ಟುಕೊಂಡು ಮಾತಾಡುವವನು. ಪಂಚಾಯ್ತಿ ಅಧಿಕಾರಿ ಶೈಲಜಾ ಮೇಡಂ ತಲೆ ಬಗ್ಗಿಸಿ ಕಾಗದ ನೋಡುತ್ತಾ ಓದುವವರು. ಹುಲುಗಮ್ಮ ಉಳಿದವರ ಕೈ ನೋಡುತ್ತಿದ್ದಳು. ಅವರು ಎತ್ತಿದರೆ ಎತ್ತುವುದು, ನಕ್ಕರೆ ನಗುವುದು, ಪುಸ್ತಕ ಮುಂದೆ ಬಂದರೆ ಮಗಳು ಕಲಿಸಿದ ಸಹಿ ಹಾಕುವುದು. ಮೂರು ವರ್ಷ ಕೋಲೆಬಸವನ ಹಾಗೆ ತಲೆ ಆಡಿಸಿದಳು. ಕಿವುಡನ ಮುಂದೆ ಕಿನ್ನರಿ ಬಾರಿಸಬಾರದು ಎನ್ನುತ್ತಾರಲ್ಲ, ಇಲ್ಲಿ ಕಿನ್ನರಿಯವರಿಗೆ ಅದೇ ಅನುಕೂಲವಾಗಿತ್ತು.

ಅದರ ಫಲ ಹೋದ ತಿಂಗಳು ತಲೆ ಮೇಲೆ ಬಿತ್ತು. ಕೆಳಗಿನ ಕೇರಿಗೆ ನಾಲ್ಕು ನಲ್ಲಿಯ ಒಂದು ನೀರಿನ ತೊಟ್ಟಿ ಮಂಜೂರಾಗಿತ್ತು. ಈಗ ಅಲ್ಲಿಯ ಹೆಂಗಸರು ಲಾರಿ ರಸ್ತೆ ದಾಟಿ ಮೇಲಿನ ಓಣಿಯಿಂದ ನೀರು ತರುತ್ತಾರೆ. ಎರಡು ಲಾರಿಯ ನಡುವೆ ಸಂದಿ ಸಿಗುವ ತನಕ ಕೊಡ ಹೊತ್ತು ನಿಲ್ಲುತ್ತಾರೆ. ಆ ತೊಟ್ಟಿಯನ್ನು ಬಸ್‌ಸ್ಟ್ಯಾಂಡಿನ ಕಡೆಗೆ ಬದಲಾಯಿಸಿದ್ದಾರೆ ಎಂಬ ಸುದ್ದಿ ಬಂತು. ಹುಲುಗಮ್ಮನ ಸಹಿಯೂ ಅದರಲ್ಲಿದೆ ಎಂಬ ಸುದ್ದಿ ಅದರ ಹಿಂದೆಯೇ ಬಂತು. ಯಾರೂ ಜಗಳಕ್ಕೆ ಬರಲಿಲ್ಲ. ಕಾಳಪ್ಪ ಬಾಗಿಲಲ್ಲಿ ನಿಂತು, ಅವಳಿಗೆ ತುಟಿ ಕಾಣುವ ಹಾಗೆ ನಿಧಾನಕ್ಕೆ ಹೇಳಿದ, "ಸೈ ಮಾಡಿ ಬಂದಿಯಲ್ಲವ್ವ." ಅಂದಿನಿಂದ ನೀರಿಗೆ ಹೋಗುವಾಗ ಅವಳನ್ನು ಯಾರೂ ಕರೆಯಲಿಲ್ಲ. ಕರೆದರೂ ಅವಳಿಗೆ ಕೇಳಿಸುತ್ತಿರಲಿಲ್ಲ ಅನ್ನಿ, ಆದರೆ ಕರೆಯುವಾಗ ಅವರು ಕೈ ಬೀಸುತ್ತಿದ್ದರು. ಆ ಕೈಯೇ ಇಲ್ಲವಾಯಿತು.

ಮಗಳು ಭವ್ಯ ಹೊಸಪೇಟೆಯ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುತ್ತಾಳೆ. ಎರಡು ವರ್ಷದ ಹಿಂದೆ ತಾಯಿಗೆ ಕಿವಿ ಮಷೀನು ಹಾಕಿಸಿದವಳೂ ಅವಳೇ. ಸುದ್ದಿ ತಿಳಿದು ಶನಿವಾರ ಸಂಜೆಯ ಬಸ್ಸಿಗೆ ಬಂದು ಎದುರು ಕೂತಳು.

"ಯವ್ವ, ಖರೆ ಹೇಳು. ಮಷೀನ್ ಹಾಕ್ಕೊಂಡ್ರೂ ಮೀಟಿಂಗಿನ್ಯಾಗ ನಿಂಗ ಏನಾರ ಕೇಳ್ಸತತೇನು?"

ಹುಲುಗಮ್ಮ ಸೀರೆಯ ಅಂಚು ತಿರುವಿದಳು. ಮೂರು ವರ್ಷದಲ್ಲಿ ಇದೇ ಮೊದಲ ಸಲ ನಿಜ ಹೇಳಿದಳು.

"ಫ್ಯಾನ್ ಕೇಳ್ಸತತಿ."

ಭವ್ಯ ಬೈಯಲಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಒಂದು ಪೆಟ್ಟಿಗೆ ತಂದಳು. ಒಳಗೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದದ ಕಪ್ಪು ಸಾಮಾನು, ಹಿಂದೆ ಬಟ್ಟೆಗೆ ಸಿಗಿಸುವ ಕ್ಲಿಪ್ಪು, ತುದಿಯಲ್ಲಿ ಸೂಜಿಮೊನೆಯಂಥ ಎರಡು ತೂತು. ಇದು ಮೈಕು, ಮಾತಾಡುವವರ ಎದೆಗೆ ಸಿಗಿಸಿದರೆ ಮಾತು ವೈರಿಲ್ಲದೆ ನೇರ ನಿನ್ನ ಕಿವಿ ಮಷೀನಿಗೆ ಬರುತ್ತದೆ, ನಡುವಿನ ಫ್ಯಾನು, ಲಾರಿ ಅಡ್ಡ ಬರುವುದಿಲ್ಲ ಎಂದು ಭವ್ಯ ವಿವರಿಸಿದಳು. ಹುಲುಗಮ್ಮ ಸಾಮಾನನ್ನು ಅಂಗೈಯಲ್ಲಿ ತೂಗಿ ನೋಡಿದಳು. ಇಷ್ಟು ಹಗುರದ್ದು ಏನು ಹೊತ್ತು ತರುತ್ತದೆ ಎಂದು ಅವಳಿಗೆ ಅನುಮಾನ.

ಮೊದಲು ಚಾರ್ಜಿಗೆ ಹಾಕಿದರು. ಕೆಂಪು ದೀಪ ಹಸಿರಾಗಲು ಎರಡು ತಾಸು. ಅಷ್ಟರಲ್ಲಿ ಹುಲುಗಮ್ಮ ಹತ್ತು ಸಲ ಹೋಗಿ ಇಣುಕಿ ಬಂದಳು. ಹಸಿರಾದ ಮೇಲೆ ಭವ್ಯ ತಾಯಿಯ ಕಿವಿ ಮಷೀನುಗಳನ್ನು ತೆಗೆದು ಒಮ್ಮೆ ಆಫ್ ಮಾಡಿ ಆನ್ ಮಾಡಿದಳು. ಮೈಕನ್ನು ಅವುಗಳ ಹತ್ತಿರ ಹಿಡಿದು ಪಕ್ಕದ ಗುಂಡಿ ಒತ್ತಿದಳು. ನೀಲಿ ದೀಪ ಕಣ್ಣು ಮಿಟುಕಿಸಿತು, ಮಿಟುಕಿಸುತ್ತಲೇ ಇತ್ತು.

"ಏನ್ ಹುಡಕಾಕತ್ತತಿ ಅದು?" ಎಂದಳು ಹುಲುಗಮ್ಮ.

"ನಿನ್ನ ಮಷೀನ್ ಹುಡಕಾಕತ್ತತಿ. ಒಂದಕ್ಕೊಂದು ಗುರ್ತ ಹಿಡೀಬೇಕು. ಒಂದ್ಸಲ ಗುರ್ತ ಹಿಡದ್ರ ಆಮ್ಯಾಲ ತಾವ ಕೂಡ್ತಾವ."

ಮೊದಲ ಸಲ ಕೂಡಲಿಲ್ಲ. ಎರಡನೇ ಸಲ ದೀಪ ಮಿಟುಕುವುದನ್ನು ನಿಲ್ಲಿಸಿ ಹಸಿರಾಯಿತು. ಮಷೀನು ಕಿವಿಗೆ ಹಾಕಿಕೊಂಡಾಗ ಟುಣ್ ಎಂದು ಸಣ್ಣ ಸದ್ದು ಬಂತು. ಭವ್ಯ ಮೈಕನ್ನು ಅಪ್ಪನ ಅಂಗಿಗೆ, ಬಾಯಿಂದ ಒಂದು ಗೇಣು ಕೆಳಗೆ ಸಿಗಿಸಿ, ಹಿತ್ತಲಿಗೆ ಹೋಗಿ ಮಾತಾಡು ಎಂದು ಕಳಿಸಿದಳು.

ಅಪ್ಪ ಪಕೀರಪ್ಪ ಇಡೀ ಆಯುಷ್ಯ ಲಾರಿಗೆ ಅದಿರು ತುಂಬಿದವನು, ಮಾತು ಕಡಿಮೆ. ಗೋಡೆಯಾಚೆ ನಿಂತು ಏನು ಮಾತಾಡಬೇಕೋ ತಿಳಿಯದೆ ಕೋಳಿಗೆ ಹೇಳಿದ, "ಏ, ಇಲ್ಲಿ ಬಾ. ನೀ ತಿಂದಿಯೇನು?"

ಒಲೆಯ ಮುಂದೆ ಕೂತಿದ್ದ ಹುಲುಗಮ್ಮ ತಿರುಗಿ ಬೆನ್ನ ಹಿಂದೆ ನೋಡಿದಳು. ಯಾರೂ ಇಲ್ಲ. ಗಂಡನ ದನಿ ಎರಡೂ ಕಿವಿಯ ನಡುವೆ ಇತ್ತು, ತಲೆಯ ಒಳಗೇ. ಅವನು ಉಸಿರು ಬಿಟ್ಟದ್ದೂ ಕೇಳಿಸಿತು. ಅವನ ಉಸಿರಲ್ಲಿ ಒಂದು ಸಣ್ಣ ಗೊರಗೊರ ಇದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. ಕಣ್ಣಲ್ಲಿ ನೀರು ಬಂತು, ಕೂಡಲೇ ನಗುವೂ ಬಂತು. "ಕೋಳಿ ಕೂಡ ಇಷ್ಟು ಮೆತ್ತಗ ಮಾತಾಡ್ತಾನ ಈ ಮನಷ್ಯಾ," ಎಂದಳು. "ನನ್ನ ಕೂಡ ಮೂವತ್ತು ವರ್ಷ ಒದರ್ಯಾನ."

"ಒದರಿದ್ರ ನಿಂಗ ಕೇಳ್ತಿತ್ತಲ್ಲ ಯವ್ವ," ಎಂದು ಭವ್ಯ ನಕ್ಕಳು.

ಅಲ್ಲಿಂದ ಹುಲುಗಮ್ಮನ ತಪಾಸಣೆ ಶುರುವಾಯಿತು. ವೈರಿಲ್ಲದೆ ಮಾತು ಹೇಗೆ ಬರುತ್ತದೆ? ಮೈಕಿಗೂ ತನಗೂ ನಡುವೆ ಗಾಳಿಯಲ್ಲಿ ಕೈ ಆಡಿಸಿದಳು, ಮಾತು ತುಂಡಾಗಲಿಲ್ಲ. ಒದ್ದೆ ಟವೆಲ್ಲು ಅಡ್ಡ ಹಿಡಿದಳು, ಆದರೂ ಬಂತು. ರೇಡಿಯೋ ಹಚ್ಚಿದ ಮಗಳ ಫೋನನ್ನೂ ಮೈಕನ್ನೂ ಕೂಡಿಸಿ ಜೋಳದ ಸ್ಟೀಲ್ ಡಬ್ಬಿಯೊಳಗೆ ಇಟ್ಟು ಮುಚ್ಚಳ ಒತ್ತಿದಳು. ಹಾಡು ಹರಿದು ಚೂರುಚೂರಾಗಿ ನಿಂತಿತು. ಮುಚ್ಚಳ ತೆಗೆದಳು, ಬಂತು. ಮುಚ್ಚಿದಳು, ಹೋಯಿತು. "ನೀರಿಗೆ ಅಂಜಂಗಿಲ್ಲ, ಸ್ಟೀಲಿಗೆ ಅಂಜತತಿ," ಎಂದು ತನಗೇ ಹೇಳಿಕೊಂಡಳು. ಸೆರಗಿನ ಒಳಗೆ ಹುದುಗಿಸಿದರೆ ಬಟ್ಟೆ ಉಜ್ಜುವ ಸದ್ದು ಕಿವಿಯಲ್ಲಿ ಗರಗಸ ಆಡಿಸಿದ ಹಾಗೆ ಕೇಳುತ್ತದೆ, ಆದ್ದರಿಂದ ಹೊರಗೇ ಇರಬೇಕು. ಸರ ತಾಗಬಾರದು. ಮೇಜಿನ ಮೇಲೆ ಮಲಗಿಸಿದರೆ ಸುತ್ತ ಕೂತ ಎಲ್ಲರದ್ದೂ ಬರುತ್ತದೆ, ಎದೆಗೆ ನಿಲ್ಲಿಸಿ ಸಿಗಿಸಿದರೆ ಆ ಒಬ್ಬರದ್ದೇ ಬರುತ್ತದೆ. ಇದೆಲ್ಲ ಮೈಕಿನ ಪೆಟ್ಟಿಗೆಯಲ್ಲಿದ್ದ ಪುಸ್ತಕದಲ್ಲೂ ಬರೆದಿತ್ತು. ಆದರೆ ಅವಳು ತಾನೇ ಮಾಡಿ ನೋಡಿ ನಂಬುವ ಹೆಣ್ಣು.

ಎಷ್ಟು ದೂರ ಎಂಬುದೊಂದು ಉಳಿಯಿತು. ಪಕೀರಪ್ಪನನ್ನು ಓಣಿಗೆ ಅಟ್ಟಿದರು, ಮಾತಾಡುತ್ತಾ ಹೋಗಬೇಕೆಂದು ಕಟ್ಟಪ್ಪಣೆ. ಅವನಿಗೆ ಮಾತು ಎಲ್ಲಿಂದ ಬರಬೇಕು? ಹೆಜ್ಜೆ ಎಣಿಸುತ್ತಾ ಹೋದ. ಬಾಗಿಲಲ್ಲಿ ಕೂತ ಹುಲುಗಮ್ಮ ಅವನ ಜೊತೆಗೇ ಗಟ್ಟಿಯಾಗಿ ಎಣಿಸಿದಳು. ಇಪ್ಪತ್ತೆಂಟರ ತನಕ ಗಂಡಹೆಂಡತಿ ಒಂದೇ ತಾಳದಲ್ಲಿದ್ದರು. ಇಪ್ಪತ್ತೊಂಬತ್ತಕ್ಕೆ ಅವನು ಕಾಳಪ್ಪನ ಮನೆ ಮೂಲೆ ತಿರುಗಿದ, ದನಿ ಕಡಿಯಿತು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನೋಡಿದರು. ಇವರಿಗೇನು ತಲೆ ಕೆಟ್ಟಿತೋ ಎನ್ನುವ ಮುಖ. ಯಾರೂ ಏನೂ ಕೇಳಲಿಲ್ಲ, ಒಳಗೆ ಹೋದರು. ಹುಲುಗಮ್ಮನ ನಗು ಅಲ್ಲಿಗೆ ಇಳಿಯಿತು. ಮೀಟಿಂಗಿಗೆ ನಾಲ್ಕು ದಿನ ಉಳಿದಿತ್ತು. ಅಲ್ಲಿ ತೊಟ್ಟಿ ಬದಲಾಯಿಸುವ ಹೋದ ತಿಂಗಳ ಠರಾವು ಪಕ್ಕಾ ಆದರೆ ತೊಟ್ಟಿ ಹೋದಂತೆಯೇ.

ಗುರುವಾರ ಅವಳು ಎಲ್ಲರಿಗಿಂತ ಮೊದಲು ಹೋಗಿ ಮೈಕನ್ನು ಮೇಜಿನ ನಡುವೆ ಮಲಗಿಸಿ ಕೂತಳು. ಮೆಂಬರುಗಳು ಒಬ್ಬೊಬ್ಬರೇ ಬಂದರು. ಚಹದ ಕಪ್ಪು ಇಟ್ಟದ್ದು ಸುತ್ತಿಗೆ ಏಟಿನಂತೆ ಕೇಳಿಸಿತು. ಯಾರದೋ ನೆಗಡಿ, ಯಾರದೋ ಕುರ್ಚಿಯ ಕಿರಿಕಿರಿ. ಮೂರು ವರ್ಷ ಮೂಕಿ ಸಿನಿಮಾದ ಹಾಗಿದ್ದ ಕೋಣೆಯಲ್ಲಿ ಇಷ್ಟೆಲ್ಲ ಸದ್ದು ತುಂಬಿತ್ತೆಂದು ಅವಳು ಬೆರಗಿನಿಂದ ಒಂದೊಂದನ್ನೂ ಹುಡುಕಿ ನೋಡುತ್ತಿದ್ದಳು.

ಅಧ್ಯಕ್ಷ ನಾಗಭೂಷಣನ ಕಣ್ಣು ಮೈಕಿನ ಹಸಿರು ದೀಪದ ಮೇಲೆ ಬಿತ್ತು.

"ಇದೇನಿದು ಹುಲುಗಮ್ಮ?"

"ನನ್ನ ಕಿವಿ ಮೈಕ್ರಿ ಅಧ್ಯಕ್ಷರ. ನಿಮ್ಮ ಮಾತು ನನಗ ಕೇಳ್ಸಲಿ ಅಂತ ಮಗಳು ತಂದಾಳ."

"ಕಿವಿ ಮೈಕ್ ಮೇಜಿನ ಮ್ಯಾಲ ಯಾಕ?" ಅವನು ಬಾಯಲ್ಲಿದ್ದ ಎಲೆಅಡಿಕೆಯನ್ನು ಎದ್ದು ಹೋಗಿ ಕಿಟಕಿಯಾಚೆ ಉಗುಳಿ ಬಂದ. "ರೆಕಾರ್ಡ್ ಆಗ್ತತೇನು ಇದರಾಗ?"

"ಇಲ್ರಿ. ಇದರಾಗ ಏನೂ ಉಳಿಯಂಗಿಲ್ಲ. ಬರ್ತತಿ, ಹೋಗ್ತತಿ."

ಯಾರು ನಂಬುತ್ತಾರೆ? ಹೋದ ವರ್ಷ ಬೇರೊಂದು ಊರಿನಲ್ಲಿ ಯಾರೋ ಮೆಂಬರುಗಳ ಮಾತನ್ನು ಫೋನಿನಲ್ಲಿ ಹಿಡಿದು ಊರೆಲ್ಲ ಹಂಚಿದ್ದರಂತೆ. ಅಂದಿನಿಂದ ಇವರಿಗೆ ಮಿನುಗುವುದೆಲ್ಲ ಕ್ಯಾಮೆರಾ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನ. ಮೆಂಬರ್ ಎರ್ರೆಪ್ಪ ಅದನ್ನೆತ್ತಿಕೊಂಡು ಬಾಗಿಲ ಬೆಳಕಿಗೆ ಹೋಗಿ ತಿರುವಿ ನೋಡಿದ. ಅಲ್ಲಿಗೆ ಬಂದ ಅಧ್ಯಕ್ಷನಿಗೆ ಪಿಸುಗುಟ್ಟಿದ, "ಎರಡು ತೂತ ಅದಾವು. ಕ್ಯಾಮೆರಾನ ಇದು, ಈಕಿ ಮಗಳು ಶಾಣ್ಯಾಕಿ."

"ಕ್ಯಾಮೆರಾ ಅಲ್ಲ ಎರ್ರೆಪ್ಪಣ್ಣ," ಎಂದಳು ಹುಲುಗಮ್ಮ ಕೋಣೆಯ ಈ ತುದಿಯಿಂದ. "ಮಗಳು ಶಾಣ್ಯಾಕಿ ಅಂಬೋದು ಖರೆ."

ಎರ್ರೆಪ್ಪ ಕೆಂಡ ಹಿಡಿದವನಂತೆ ಅದನ್ನು ತಂದು ಮೇಜಿನ ಮೇಲೆ ಹಾಕಿದ. ಮೂರು ವರ್ಷ ಅವಳ ಪಕ್ಕದಲ್ಲೇ ಕೂತು ಏನೇನು ಆಡಿಕೊಂಡಿದ್ದನೋ, ಮುಖ ಬಿಳಿಚಿತು.

ಅಷ್ಟರಲ್ಲಿ ಫ್ಯಾನು ಜೋರಾಗಿ, ಎಲ್ಲರೂ ಒಟ್ಟಿಗೆ ಮಾತಾಡತೊಡಗಿ, ಅವಳಿಗೆ ಮಾತೆಲ್ಲ ಕಲಸುಮೇಲೋಗರವಾಯಿತು. ಮೇಜಿನ ಮೇಲಿಟ್ಟರೆ ಆಗದು ಎಂದು ತಿಳಿದು ಮೈಕನ್ನು ಅಧ್ಯಕ್ಷನ ಮುಂದೆ ಹಿಡಿದಳು. "ನೀವು ಸಿಗಿಸಿಕೊಳ್ರಿ."

"ನನಗ ಬ್ಯಾಡ, ನನಗ ಬ್ಯಾಡ," ಎಂದು ಅವನು ಕುರ್ಚಿಯ ಸಮೇತ ಹಿಂದೆ ಸರಿದ.

ಶೈಲಜಾ ಮೇಡಂ ಕೈ ಚಾಚಿದರು. "ಇಲ್ಲಿ ಕೊಡವ್ವ, ಓದಾಕಿ ನಾನ ಅಲ್ಲ?" ಹುಲುಗಮ್ಮ ಅವರ ಸೆರಗಿಗೆ ಒಂದು ಗೇಣು ಅಳೆದು ಸಿಗಿಸಿದಳು, ಕೊರಳ ಸರವನ್ನು ಪಕ್ಕಕ್ಕೆ ಸರಿಸಿದಳು. ಫ್ಯಾನು ದೂರ ಹೋಯಿತು. ಮೇಡಂ ಕಾಗದ ಹೊರಳಿಸಿದ್ದು, "ಕೇಳ್ಸತತೇನವ್ವ?" ಎಂದದ್ದು, ಎರಡೂ ಕಿವಿಯೊಳಗೆ ಇಳಿದವು. ಅವಳು ತಲೆ ಆಡಿಸಿದಳು. ಈ ಸಲ ಕೇಳಿಸಿಕೊಂಡೇ ಆಡಿಸಿದಳು.

ಈಗ ನೋಡಿ ಮಜಾ. ಪ್ರತಿ ಮೀಟಿಂಗಿಗೂ ಮೊದಲು ಹಿಂದಿನ ಮೀಟಿಂಗಿನ ನಡವಳಿಯನ್ನು, ಅಂದರೆ ಯಾರು ಏನು ಹೇಳಿದರು, ಏನು ಒಪ್ಪಿದರು ಎಂಬ ಬರಹವನ್ನು ಎಲ್ಲರೆದುರು ಓದಿ ಖಚಿತ ಮಾಡಿಕೊಳ್ಳಬೇಕು. ಕೆಂಗಲ್ಲಾಪುರದಲ್ಲಿ ಅದನ್ನು ಓದಿದ ನೆನಪು ಯಾರಿಗೂ ಇಲ್ಲ. "ಓದಿದಂಗ ಆತು" ಎಂದು ಅಧ್ಯಕ್ಷ ಅನ್ನುವುದು, ಪುಸ್ತಕ ಸಹಿಗೆ ಹೊರಡುವುದು, ಅದೇ ಪದ್ಧತಿ. ಈ ದಿನ ಅವನು ಗಂಟಲು ಸರಿಮಾಡಿಕೊಂಡು, ಮೇಡಂ ಸೆರಗಿನ ಕಡೆ ಬಾಗಿ, ಆಕಾಶವಾಣಿಯವರ ಕನ್ನಡದಲ್ಲಿ ಅಂದ, "ಎಲ್ಲವೂ ನಿಯಮದ ಪ್ರಕಾರವೇ ನಡೆಯತಕ್ಕದ್ದು. ಮೊದಲಿಗೆ ಹಿಂದಿನ ಸಭೆಯ ನಡವಳಿಯನ್ನು ಸಂಪೂರ್ಣವಾಗಿ ಓದಿರಿ."

ಮೇಡಂ ಅವನ ಮುಖ ನೋಡಿದರು. "ಸಂಪೂರ್ಣವಾಗೇನ್ರಿ ಸರ್?"

"ಸಂಪೂರ್ಣವಾಗಿ." ಪುಸ್ತಕದಲ್ಲಿ ಏನು ಬರೆಸಿದ್ದೆನೆಂದು ಅವನಿಗೇ ಮರೆತಿರಬೇಕು. ಇಲ್ಲವೇ ರೆಕಾರ್ಡಿನ ಹೆದರಿಕೆಯಲ್ಲಿ ಬುದ್ಧಿ ಮಂಕಾಗಿರಬೇಕು.

ಬೀದಿದೀಪ ಬಂತು, ಶಾಲೆಯ ಕಾಂಪೌಂಡು ಬಂತು, ದನದ ದೊಡ್ಡಿ ಬಂತು. ಹುಲುಗಮ್ಮ ಕಣ್ಣು ಮುಚ್ಚಿ ಕೂತಿದ್ದಳು. ತುಟಿ ನೋಡುವ ಹಂಗಿಲ್ಲದೆ ಮಾತು ಕೇಳುವ ಸುಖ ಬೇರೆಯವರಿಗೆ ಹೇಳಿ ತಿಳಿಸುವಂಥದ್ದಲ್ಲ. ಐದನೇ ವಿಷಯಕ್ಕೆ ಬರುವಾಗ ಮೇಡಂ ಉಗುಳು ನುಂಗಿದ ಸದ್ದು ಕೇಳಿಸಿತು. ಅವಳು ಕಣ್ಣು ತೆರೆದಳು.

"ಕೆಳಗಿನ ಕೇರಿಗೆ ಮಂಜೂರಾದ ನೀರಿನ ತೊಟ್ಟಿಯನ್ನು ಬಸ್ ನಿಲ್ದಾಣದ ಬಳಿಗೆ ಸ್ಥಳಾಂತರಿಸುವ ಬಗ್ಗೆ. ಸದರಿ ಕೇರಿಯಲ್ಲಿ ಸ್ಥಳಾವಕಾಶ ಇಲ್ಲವೆಂದೂ, ಕೇರಿಯ ನಿವಾಸಿಗಳದ್ದು ಯಾವುದೇ ಅಭ್ಯಂತರ ಇಲ್ಲವೆಂದೂ ಸದಸ್ಯೆ ಶ್ರೀಮತಿ ಹುಲುಗಮ್ಮ ಇವರು ಸೂಚಿಸಿದರು. ಸದಸ್ಯ ಶ್ರೀ ಎರ್ರೆಪ್ಪ ಇವರು ಅನುಮೋದಿಸಿದರು. ಸಭೆಯು ಸರ್ವಾನುಮತದಿಂದ ಒಪ್ಪಿತು."

ಹುಲುಗಮ್ಮನಿಗೆ ತಾನು ಸಹಿ ಮಾಡಿದ್ದು ಗೊತ್ತಿತ್ತು, ಆ ತಪ್ಪನ್ನು ಹೊರಲು ಅವಳು ತಯಾರಾಗಿ ಬಂದಿದ್ದಳು. ಆದರೆ ಬ್ಯಾಡ ಎಂದವಳೇ ತಾನಂತೆ. ತನ್ನ ಕೇರಿಯ ನೀರನ್ನು ತಾನೇ ಎದ್ದು ನಿಂತು ದಾನ ಮಾಡಿದಳಂತೆ. ನಾಚಿಕೆಯೂ ಸಿಟ್ಟೂ ಒಟ್ಟಿಗೆ ನೆತ್ತಿಗೇರಿ, ಕಿವಿ ಮಷೀನಿನ ಕೆಳಗೆ ಚರ್ಮ ಬಿಸಿಯಾಯಿತು.

"ಇನ್ನೊಂದ್ಸಲ ಓದ್ರಿ ಮೇಡಂ, ನನ್ನ ಹೆಸರು ಇದ್ದಲ್ಲಿ."

ಮೇಡಂ ಓದಿದರು. ಈ ಸಲ ದನಿ ಸಣ್ಣದಾಗಿತ್ತು, ಆದರೂ ಒಂದಕ್ಷರ ತಪ್ಪದೆ ಬಂತು.

"ನಾನು ಹೇಳೇ ಇಲ್ರಿ."

ನಾಗಭೂಷಣ ಮೈಕಿನ ಕಡೆ ಬಾಗಿ ನಗಲು ನೋಡಿದ. "ಹೇಳಿದ್ದಿಯವ್ವ. ನೀ ಏನಂದಿ ಅಂತ ನಿನಗ ಕೇಳ್ಸಿರಂಗಿಲ್ಲ, ಅಷ್ಟ."

ಒಂದಿಬ್ಬರು ನಕ್ಕರು. ಹುಲುಗಮ್ಮ ಎದ್ದು ನಿಂತಳು. ಕೂಗಲಿಲ್ಲ. ತನ್ನ ದನಿ ಎಷ್ಟು ದೊಡ್ಡದೆಂದು ಈಗ ಅವಳಿಗೆ ಗೊತ್ತಿತ್ತು.

"ಕಿವಿ ಹೋಗಿದ್ದು ಖರೆ ಅಧ್ಯಕ್ಷರ. ಬಾಯಿ ಹೋಗಿರಲಿಲ್ಲ. ನಮ್ಮ ಕೇರ್ಯಾಗ ಜಾಗ ಐತಿ, ನಮ್ಮ ಹೆಣ್ಮಕ್ಕಳಿಗೆ ನೀರು ಬೇಕಾಗೇತಿ. ಇಂಥ ಮಾತು ನಾ ಆಡಿದ್ರ ನನ್ನ ನಾಲಿಗಿ ಬೀಳ್ತಿತ್ತು. ಮೇಡಂ, ಬರೀರಿ. ಹುಲುಗಮ್ಮ ಇದನ್ನ ಹೇಳಿಲ್ಲ ಅಂತ ಬರೀರಿ."

ಆಗ ಎರ್ರೆಪ್ಪ ಮೇಡಂ ಸೆರಗಿನ ಹತ್ತಿರ ಮುಖ ತಂದು, ಮೈಕಿಗೇ ಕೈ ಮುಗಿಯುವವನ ಹಾಗೆ ಬಾಗಿ ಹೇಳಿದ, "ನಾನೂ ಅನುಮೋದಿಸಿಲ್ರಿ. ಅವರು ಬರಕೊಂಡಾರ. ಇದೂ ರೆಕಾರ್ಡ್ ಆಗ್ಲಿ."

"ಲೇ ಎರ್ರೆಪ್ಪ," ಎಂದ ನಾಗಭೂಷಣ. ಮುಂದಿನ ಮಾತನ್ನು ಹಸಿರು ದೀಪ ನೋಡಿ ನುಂಗಿಕೊಂಡ.

ಶೈಲಜಾ ಮೇಡಂ ಪೆನ್ನಿನ ಮುಚ್ಚಳ ತೆಗೆದರು. "ಸೂಚಿಸಿದವರೂ ಇಲ್ಲ, ಅನುಮೋದಿಸಿದವರೂ ಇಲ್ಲ. ಇದನ್ನ ಖಚಿತ ಮಾಡಾಕ ಬರಂಗಿಲ್ಲ ಸರ್. ತೊಟ್ಟಿ ಮೊದಲ ಎಲ್ಲಿ ಮಂಜೂರಾಗಿತ್ತೋ ಅಲ್ಲೇ ಉಳಿತತಿ." ಹಾಗೇ ಬರೆದರು. ಬರೆದದ್ದನ್ನು ಯಾರೂ ಕೇಳದೆಯೇ ಓದಿ ಹೇಳಿದರು. ಹುಲುಗಮ್ಮ ಕೇಳಿ, ಇನ್ನೊಮ್ಮೆ ಓದಿಸಿ, ಆಮೇಲೆ ಸಹಿ ಹಾಕಿದಳು. ಅಕ್ಷರ ಗುಂಡಗೆ ಬಂದವು.

ಮೇಡಂ ನಿಟ್ಟುಸಿರು ಬಿಟ್ಟು ಮೈಕನ್ನು ಸೆರಗಿನಿಂದ ಬಿಚ್ಚಲು ಕೈ ಹಾಕಿದರು. "ಆತಲ್ಲವ್ವ? ತಗೋ."

"ಇರ್ಲಿ ಮೇಡಂ, ಬಿಚ್ಚಬ್ಯಾಡ್ರಿ." ಹುಲುಗಮ್ಮ ಗೋಡೆಯ ಕಪಾಟಿನ ಕಡೆ ನೋಡಿದಳು. ಒಳಗೆ ನಡವಳಿಯ ಹಳೆಯ ಪುಸ್ತಕಗಳು ಒಂದರ ಮೇಲೊಂದು ಪೇರಿಸಿದ್ದವು. ಅವಳು ತನ್ನ ಕುರ್ಚಿಯನ್ನು ಎಳೆದು ಮೇಡಂ ಮಗ್ಗುಲಿಗೆ ತಂದು ಕೂತಳು.

"ಅವನ್ನ ಒಂದೊಂದ ತಗೀರಿ. ಮೂರು ವರ್ಷದಾಗ ನಾನು ಇನ್ನೂ ಏನೇನು ಹೇಳೀನಿ, ಕೇಳೂನು."